ಅರ್ಧ ಹಾಳೆ

“ಮದ್ರಾಸಿ ಮಾತು ನಿಮಗ ತಿಳೀತೈತಲ್ರಿ ಸಾಹೇಬ್ರ?” ಎಂದು ಥಿಯೇಟರಿನ ಬಾಗಿಲಲ್ಲಿ ಭರಮಪ್ಪ ಕೇಳಿದಾಗ ಬಿಂದುಮಾಧವ ಹೂಂ ಎಂದುಬಿಟ್ಟಿದ್ದ. ತಿಳಿಯುತ್ತಿರಲಿಲ್ಲ. ಧಾರವಾಡದವನು, ಪುಣೆಗೆ ಬಂದು ಹನ್ನೊಂದು ವರ್ಷ. ತಮಿಳಿನಲ್ಲಿ ಅವನಿಗೆ ಗೊತ್ತಿದ್ದದ್ದು ಬಾ, ಹೋಗು, ನೀರು, ಸೋರು, ಇಷ್ಟೇ. ಆದರೆ ಸದಾಶಿವ ಪೇಠೆಯ ಮರಾಠಿಗರ ಪಾಲಿಗೆ ಕಾನಡಿಯಾಗಿದ್ದವನು ಕ್ಯಾಂಪಿನ ಕಚೇರಿಯವರ ಪಾಲಿಗೆ ಮದ್ರಾಸಿಯಾಗಿದ್ದ, ಮತ್ತು ಮದ್ರಾಸಿ ಎಂದಮೇಲೆ ದಕ್ಷಿಣದ ಭಾಷೆಗಳೆಲ್ಲ ಬರಲೇಬೇಕು. ಯುದ್ಧದ ವರ್ಷಗಳಲ್ಲಿ ಅವನು ಈ ತಪ್ಪನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಅದರಿಂದ ಒಂದಿಷ್ಟು ಮರ್ಯಾದೆ ಸಿಗುತ್ತಿತ್ತು. ಈಗ ಮಾರ್ಚ್ ತಿಂಗಳ ಸುಡುಮಧ್ಯಾಹ್ನ, ಯುದ್ಧ ಮುಗಿದು ಏಳು ತಿಂಗಳಾಗಿದೆ, ಆ ಸುಳ್ಳು ಮಾತ್ರ ಇನ್ನೂ ನಡೆಯುತ್ತಲೇ ಇದೆ. ಮೂರು ಗಂಟೆಯ ಆಟ. ಆರೂವರೆಗೆ ಭರಮಪ್ಪನ ಬೆಳಗಾವಿ ಗಾಡಿ. ನಡುವಿನ ಮೂರೂವರೆ ಗಂಟೆಯೊಳಗೆ ತಾನು ಹೇಳಬೇಕಾದದ್ದನ್ನು ಹೇಳಲೇಬೇಕೆಂದು ಬಿಂದುಮಾಧವ ಬೆಳಿಗ್ಗೆ ಸ್ನಾನ ಮಾಡುವಾಗಲೇ ನಿಶ್ಚಯಿಸಿದ್ದ. ಮೂರು ವಾರಗಳಿಂದ ಪ್ರತಿದಿನವೂ ಸ್ನಾನ ಮಾಡುವಾಗ ಅದನ್ನೇ ನಿಶ್ಚಯಿಸುತ್ತಿದ್ದ.

ಬೋಲಪಟವನ್ನು ಆರಿಸಿದ್ದು ಭರಮಪ್ಪ. ಮದ್ರಾಸಿ ಪಲ್ಟನ್ನಿನವರಿಗಾಗಿ ಒಂದು ವಾರದ ಮಟ್ಟಿಗೆ ತರಿಸಿದ ಚಿತ್ರವದು. ಗೋಡೆಯ ಚಿತ್ರಪಟದಲ್ಲಿ ಖಾಕಿ ತೊಟ್ಟ ಒಬ್ಬ ಸಿಪಾಯಿ ಚಾಕು ಹಿಡಿದು ನಿಂತಿದ್ದ, ಅವನ ಹಿಂದೆ ಒಂದು ಮನೆ ಉರಿಯುತ್ತಿತ್ತು. ಅದನ್ನು ನೋಡಿ ಭರಮಪ್ಪ ರಸ್ತೆಯಲ್ಲೇ ನಿಂತುಬಿಟ್ಟಿದ್ದ. ಒಳಗೆ ತಗಡಿನ ಮಾಡು ಕಾದು ಬೆವರಿನ, ಬೀಡಿಯ ವಾಸನೆ ತುಂಬಿತ್ತು. ಭರಮಪ್ಪ ತನ್ನ ತಗಡಿನ ಟ್ರಂಕನ್ನು ಕಾಲಕೆಳಗೆ ತುರುಕಿ ಕೂತಿದ್ದ, ಜಾಗ ಸಾಲದೆ ಅದರ ಒಂದು ಮೂಲೆ ಬಿಂದುಮಾಧವನ ಮೀನಖಂಡಕ್ಕೆ ಒತ್ತುತ್ತಿತ್ತು. ಆ ಟ್ರಂಕಿನಲ್ಲಿ, ಸರಕಾರ ಕೊಟ್ಟ ಉಣ್ಣೆಯ ಕೋಟಿನ ಮಡಿಕೆಯೊಳಗೆ, ಇಟಲಿಯಲ್ಲಿ ಗೂರ್ಖಾ ಗೆಳೆಯನೊಬ್ಬ ಕೊಟ್ಟ ಕುಕ್ರಿ ಎಂಬ ಬಾಗುಕತ್ತಿ ಇದೆಯೆಂಬುದು ಬಿಂದುಮಾಧವನಿಗೆ ಗೊತ್ತಿತ್ತು. ಅದು ಯಾರಿಗಾಗಿ ಎಂಬುದೂ ಗೊತ್ತಿತ್ತು. ಅವನು ಕಾಲನ್ನು ಸರಿಸಿಕೊಂಡ. ಟ್ರಂಕು ಮತ್ತೆ ತಾಗಿತು.

ತೆರೆಯ ಮೇಲಿನ ಸಿಪಾಯಿ ರೈಲಿನಿಂದಿಳಿದು ಊರಿನ ದಾರಿ ಹಿಡಿದ. ತಾಯಿ ಇಲ್ಲ, ತಂಗಿ ಇಲ್ಲ, ಮನೆಯ ಜಾಗದಲ್ಲಿ ಬೂದಿ. “ಏನಂತಾನ್ರಿ?” ಎಂದು ಭರಮಪ್ಪ ಪಿಸುಗುಟ್ಟಿದ. “ಯಾರ ಮಾಡಿದ್ರು ಅಂತ ಕೇಳ್ತಾನ,” ಎಂದ ಬಿಂದುಮಾಧವ. ಅಷ್ಟು ತಿಳಿಯಲು ತಮಿಳು ಬೇಕಿರಲಿಲ್ಲ. ಕಾಶವ್ವ ಎಂಬ ಹೆಸರು ಅವನಿಗೆ ಎರಡನೆಯ ಸಲ ಎದುರಾದದ್ದೂ ಇಂಥದೇ ಒಂದು ಪ್ರಶ್ನೆಯ ಎದುರಿಗೆ. ಪಲ್ಟನ್ನಿನಿಂದ ಬಿಡುಗಡೆಯಾಗುವ ಕನ್ನಡ ಸಿಪಾಯಿಗಳ ಫಾರ್ಮು ತುಂಬಿಸುವುದು ಈಗ ಅವನ ಕೆಲಸ. ಮನೆಯಲ್ಲಿ ಯಾರಿದ್ದಾರೆ ಎಂಬ ಕಾಲಮ್ಮಿಗೆ ಬಂದಾಗ ಎದುರಿಗೆ ನಿಂತ ಎತ್ತರದ ಕರಿಯ ಮನುಷ್ಯ, ಈ ಭರಮಪ್ಪ, “ಯಾರೂ ಇಲ್ರಿ. ಹೇಣ್ತಿ ಕಾಶವ್ವ ಅಂತ ಇದ್ಲು. ಕೂಸಿತ್ತು. ಅವ್ವ ಸಾವಂತ್ರವ್ವ. ಪ್ಲೇಗಿನ್ಯಾಗ ಮೂರೂ ಮಂದಿ ಹ್ವಾದ್ರು,” ಎಂದು ಹೇಳಿ ಊರಿನ ಹೆಸರನ್ನೂ ಹೇಳಿದ. ಬಿಂದುಮಾಧವನ ಟಾಕು ಫಾರ್ಮಿನ ಮೇಲೆ ನಿಂತೇಬಿಟ್ಟಿತು, ಶಾಯಿ ಇಳಿದು ಒಂದು ಕಾಳಿನಷ್ಟು ದೊಡ್ಡ ಚುಕ್ಕೆಯಾಯಿತು. ಊರು, ಹೆಸರು, ಕೂಸು, ಪ್ಲೇಗು. ಯುದ್ಧದ ನಾಲ್ಕು ವರ್ಷಗಳಲ್ಲಿ ಎಷ್ಟೋ ಸಾವಿರ ಕಾಗದ ಓದಿದವನು ಅವನು. ನೆನಪಿನಲ್ಲಿ ನಿಂತದ್ದು ಹತ್ತೋ ಹನ್ನೆರಡೋ. ಅದರಲ್ಲಿ ಇದೊಂದು.

ಕ್ಯಾಂಪಿನ ಹಳೆಯ ಬಂಗಲೆಯೊಂದರಲ್ಲಿ ಉದ್ದ ಮೇಜುಗಳನ್ನು ಹಾಕಿ, ದಂಡಿನವರಿಗೆ ಊರಿನಿಂದ ಬರುವ ಕಾಗದಗಳನ್ನು ಓದಲು ಇವನಂಥ ಕಾರಕೂನರನ್ನು ಕೂರಿಸಿದ್ದರು. ಕನ್ನಡಕ್ಕೆ ನಾಲ್ವರು. ರೋಗದ ಸುದ್ದಿ, ಕಾಳಿನ ಅಭಾವ, ಸಿಪಾಯಿಯ ಧೈರ್ಯ ಕುಂದಿಸುವ ಯಾವುದೂ ಹೋಗಕೂಡದು. ಅಂಥ ಸಾಲುಗಳ ಮೇಲೆ ಉಳಿದ ಮೂವರು ಕರಿಶಾಯಿ ಬಳಿಯುತ್ತಿದ್ದರು. ಬಿಂದುಮಾಧವನಿಗೆ ಅದು ಒಡ್ಡೊಡ್ಡಾಗಿ ಕಾಣುತ್ತಿತ್ತು. ಅವನದು ಕತ್ತರಿ. ಹಾಳೆಯನ್ನು ಅಂಗೈಯಿಂದ ಒತ್ತಿ, ಬೇಡದ್ದು ಎಲ್ಲಿ ಶುರುವಾಗುತ್ತದೆಂದು ನೋಡಿ, ಒಂದೇ ಒಂದು ನೇರ ಕತ್ತರಿ ಹಾಕುತ್ತಿದ್ದ. ಕಾಗದ ಕೈಗೆ ಬಂದವನಿಗೆ ಗಾಯ ಕಾಣುತ್ತಿರಲಿಲ್ಲ. ಕಾಗದದ ಬರಗಾಲದಲ್ಲಿ ಅರ್ಧ ಹಾಳೆಯ ಪತ್ರಗಳೇ ಹೆಚ್ಚು. ಒಂದು ದಿನ ಕ್ಯಾಪ್ಟನ್ ಸಾಹೇಬ ಅವನು ಕತ್ತರಿಸಿದ ಹಾಳೆಯನ್ನು ಎತ್ತಿ ಹಿಡಿದು, ದರ್ಜಿಯ ಕೈ ಎಂದು ಎಲ್ಲರ ಮುಂದೆ ಹೊಗಳಿದ್ದ. ಆ ಸಂಜೆ ಬಿಂದುಮಾಧವ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಹೋಗಿ ಹೆಂಡತಿಗೆ ಇದನ್ನೆಲ್ಲ ಹೇಳಿದ. ಗೋದಾ ಜಿಲೇಬಿಯನ್ನು ದೇವರ ಮುಂದೆ ಇಟ್ಟು, “ಮಂದಿ ಕಾಗದಾ ಕತ್ತರಸೂದರಾಗ ಎಂಥಾ ದೊಡ್ಡಸ್ತಿಕಿ ಅದರೀ?” ಎಂದಳು. ಅವನು ಸಿಟ್ಟಾಗಿ ಆ ರಾತ್ರಿ ಉಣ್ಣಲಿಲ್ಲ, ಜಿಲೇಬಿ ಮಾತ್ರ ತಿಂದ.

ಕಾಶವ್ವನ ಕಾಗದದ ಅಕ್ಷರ ಮುದ್ದಾಗಿತ್ತು. ಊರಿನ ಸಾಲೆಯ ಮಾಸ್ತರರೇ ಟಪಾಲೂ ನೋಡಿಕೊಂಡು, ಓದುಬರಹ ಇಲ್ಲದ ಹೆಂಗಸರಿಗೆ ಪತ್ರವನ್ನೂ ಬರೆದುಕೊಡುತ್ತಿದ್ದರು. ಎಲ್ಲರ ಪತ್ರದಂತೆ ಅದೂ ಮೊದಲಾಗಿತ್ತು: ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು, ತರುವಾಯ. ಮನೆ ಬಿದ್ದುಹೋಗಿದ್ದರೂ ನಮ್ಮವರು ಮೊದಲು ಕ್ಷೇಮ ಎಂದು ಬರೆದೇ ಆಮೇಲೆ ಬಿದ್ದದ್ದನ್ನು ಬರೆಯುತ್ತಾರೆ. ತರುವಾಯದ ಕೆಳಗೆ ಪ್ಲೇಗಿತ್ತು, ಮೈತುಂಬ ಪ್ಲೇಗು. ಅದರ ಕೆಳಗೆ ಗಂಡನನ್ನು ಕೇಳಿಕೊಂಡ ಒಂದು ಸಾಲಿತ್ತು. ಆ ಸಾಲಿನಲ್ಲಿ ರೋಗದ ಹೆಸರಿರಲಿಲ್ಲ, ಅದನ್ನು ಉಳಿಸಬಹುದಿತ್ತು. ಅದು ಎಂಥ ಸಾಲು ಎನ್ನುವುದು ಸಾಹೇಬನಿಗೆ ತಿಳಿಯುವಂತಿರಲಿಲ್ಲ. ಮನೆಯೊಳಗಿನ ಏನೋ ಒಂದು ಮಾತು ಎಂದು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ನಕ್ಕು ಕೈ ಬೀಸಿದ್ದ. ಬಿಂದುಮಾಧವನಿಗೆ ತಿಳಿದಿತ್ತು. ತಿಳಿದು ಕತ್ತರಿ ಹಿಡಿದು ಒಂದು ನಿಮಿಷ ಕೂತ. ಅಷ್ಟರಲ್ಲಿ ಚಹಾ ಬಂತು. ತರುವಾಯದ ಮೇಲೆ, ನೇರವಾಗಿ, ಒಂದೇ ಸಲಕ್ಕೆ ಕತ್ತರಿಸಿದ. ಕೆಳಗಿನ ತುಂಡು ಶನಿವಾರ ಹಿತ್ತಲಲ್ಲಿ ಉಳಿದ ತುಂಡುಗಳ ಜೊತೆ ಸುಟ್ಟುಹೋಯಿತು.

ತೆರೆಯ ಮೇಲಿನ ಸಿಪಾಯಿ ವೈರಿಯೊಬ್ಬನನ್ನು ಬಾವಿಗೆ ನೂಕಿದ. ಮುಂದಿನ ಬೆಂಚುಗಳವರು ಎದ್ದುನಿಂತು ಸೀಟಿ ಹೊಡೆದರು. ಭರಮಪ್ಪ ಸೀಟಿ ಹೊಡೆಯಲಿಲ್ಲ, ಕುಣಿಯಲಿಲ್ಲ; ಪಾಠ ಕೇಳುವವನಂತೆ ಮುಂದಕ್ಕೆ ಬಾಗಿ ನೋಡುತ್ತಿದ್ದ. ಮನೆಗೆ ಉಣ್ಣಲು ಕರೆದ ದಿನವೂ ಹೀಗೆಯೇ ಬಾಗಿ ಕೂತಿದ್ದ. ಯಾಕೆ ಕರೆದೆನೆಂದು ಬಿಂದುಮಾಧವನಿಗೇ ತಿಳಿದಿರಲಿಲ್ಲ. ಫಾರ್ಮು ತುಂಬಿಸಿ ಕಳಿಸಿದ್ದರೆ ಮುಗಿಯುತ್ತಿತ್ತು. ಗೋದಾ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಇಟಲಿಯಿಂದ ಬಂದವನು ರೊಟ್ಟಿಯನ್ನು ಮುರಿಯದೆ ಸ್ವಲ್ಪ ಹೊತ್ತು ನೋಡುತ್ತ ಕೂತ. “ಊರಿಗೆ ಹೋಗಿ ಏನ ಮಾಡ್ತೀ ತಮ್ಮಾ?” ಎಂದು ಗೋದಾ ಕೇಳಿದಳು. “ಒಂದ ಕೆಲಸಾ ಐತ್ರಿ ಅಕ್ಕಾರ,” ಎಂದ. ಆಮೇಲೆ ಇವರಿದ್ದ ವಾಡೆಯ ಮೆಟ್ಟಿಲ ಮೇಲೆ ಕೂತು ಆ ಕೆಲಸ ಏನೆಂದು ಬಿಂದುಮಾಧವನಿಗೆ ಹೇಳಿದ. ಹೇಳುವಾಗ ಜೇಬಿನಿಂದ ತಾಯತದ ಹಾಗೆ ಮಡಿಸಿದ ಅರ್ಧ ಹಾಳೆಯೊಂದನ್ನು ತೆಗೆದು ಅವನ ಕೈಯಲ್ಲಿಟ್ಟ.

“ನೋಡ್ರಿ ಸಾಹೇಬ್ರ. ಖಡಕಿ ಕಾರ್ಖಾನಿಗೆ ನಮ್ಮೂರಾಂವ ಒಬ್ಬ ಬಂದಾನ. ಅಂವ ಹೇಳಿದ. ಕಾಶವ್ವ ಅರ್ಧಾ ದಿನಾ ಸಾಲಿ ಕಟ್ಟಿಗೆ ಕುಂತು ಅಳಕೋತ ಬರಸಿದ್ಲಂತ. ಊರ ಮಂದಿ ಕಂಡಾರ. ಆ ಪ್ರಲ್ಹಾದ ಮಾಸ್ತರ ಬರದದ್ದು ಇಷ್ಟ. ಎಲ್ಲಾರೂ ಕ್ಷೇಮ! ಕೆಳಗ ಹೆಸರ ಸೈತ ಹಾಕಿಲ್ಲ ಹಾಟ್ಯಾನ ಮಗ. ಪ್ಲೇಗಿನ್ಯಾಗ ಅವರನ್ನ ಬಿಟ್ಟ ಹ್ವಾದ ನಮ್ಮಣ್ಣಗ ಅಂಜಿ ಹಿಂಗ ಮಾಡ್ಯಾನ. ಅಣ್ಣ ಅದಽ ಬ್ಯಾನಿಯೊಳಗ ಸತ್ತ, ನನ್ನ ಕೈಗಿ ಸಿಗಲಿಲ್ಲ. ಮಾಸ್ತರ ಅದಾನ.”

ಹಾಳೆಯ ಕೆಳಗಿನ ಅಂಚು ದಾರ ಹಿಡಿದು ಗೆರೆ ಎಳೆದಷ್ಟು ನೇರವಾಗಿತ್ತು. ಬಿಂದುಮಾಧವನಿಗೆ ಮೊದಲು ಅನ್ನಿಸಿದ್ದು ಭಯವಲ್ಲ, ಅಳುವಲ್ಲ. ಎಷ್ಟು ಚೆನ್ನಾಗಿ ಕತ್ತರಿಸಿದ್ದೇನೆ ಎಂದು. ಹಾಗೆ ಅನ್ನಿಸಿದ್ದಕ್ಕೆ ಅವನು ತನ್ನನ್ನು ಇಂದಿಗೂ ಕ್ಷಮಿಸಿರಲಿಲ್ಲ. ಆ ಹೊತ್ತಿನಲ್ಲೇ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಒಳಗೆ ಗೋದಾ ಪಾತ್ರೆ ತೊಳೆಯುತ್ತಿದ್ದಳು, ಅವಳಿಗೆ ಕೇಳಿಸೀತು ಎಂದುಕೊಂಡ. ಮರುದಿನ, ಕಚೇರಿಯ ಗುಟ್ಟು ಹೊರಗೆ ಹೇಳಿದರೆ ನೌಕರಿ ಹೋದೀತು ಎಂದುಕೊಂಡ. ಅದರ ಮರುದಿನ, ಇವನು ಬರೀ ಮಾತಿಗೆ ಹೇಳುತ್ತಾನೆ, ಯಾರನ್ನೂ ಕಡಿಯುವುದಿಲ್ಲ ಎಂದುಕೊಂಡ. ತಾನು ಮುಖ ಕಂಡಿರದ ಒಬ್ಬ ಮಾಸ್ತರ ಅಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ, ಟಪಾಲು ಚೀಲ ಬಿಚ್ಚುತ್ತ, ಏನೂ ಅರಿಯದೆ ದಿನ ನೂಕುತ್ತಿದ್ದಾನೆ. “ಪಾಪ, ಭರಮಣ್ಣಗ ಯಾರೂ ಇಲ್ಲ. ನೀವರೆ ಇದ್ದೀರಿ,” ಎಂದು ಗೋದಾ ಬೇರೆ ಹೇಳುತ್ತಿದ್ದಳು.

ತೆರೆಯ ಮೇಲೆ ಕಡೆಯವನ ಸರದಿ ಬಂತು. ಅವನೊಬ್ಬ ಮುದುಕ, ಊರಿನ ಶಾನುಭೋಗನಿದ್ದಂತೆ ಕಾಣುತ್ತಿದ್ದ. ಕಿವಿಯಲ್ಲಿ ಲೇಖಣಿ, ಬರಿಯ ಮೈ, ಹಣೆಗೆ ವಿಭೂತಿ. ಸಿಪಾಯಿ ಅವನನ್ನು ಕಂಬಕ್ಕೆ ಒತ್ತಿ ಹಿಡಿದ. ಮುದುಕ ಕೈಮುಗಿದು ಏನೇನೋ ಒದರತೊಡಗಿದ. “ಏನಂತಾನ್ರಿ? ಏನಂತಾನ್ರಿ ಅಂವ?” ಭರಮಪ್ಪನ ಬೆರಳು ಬಿಂದುಮಾಧವನ ಮೊಣಕೈಯನ್ನು ಹಿಡಿದುಕೊಂಡಿತು. ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಬಾಯಿ ತಾನಾಗಿ ತೆರೆದುಕೊಂಡಿತು. “ನಾ ಅಲ್ಲ ಅಂತಾನ. ಇದನ್ನ ಮಾಡಿದಾಂವ ನಾ ಅಲ್ಲಪಾ, ಪ್ಯಾಟ್ಯಾಗ ಒಬ್ಬ ಕಾರಕೂನ ಇದ್ದಾನ, ಅವನ ಕೆಲಸಾ ಇದು, ಅವನಿಗೆ ನಿನ್ನ ಹೆಸರೂ ಗೊತ್ತಿಲ್ಲ, ನನ್ನ ಬಿಡು ಅಂತಾನ.” ಸುಳ್ಳಿನ ಬೆನ್ನ ಮೇಲೆ ಕೂರಿಸಿಯಾದರೂ ನಿಜ ಇವನ ಕಿವಿ ಮುಟ್ಟಲಿ ಎಂದು ಅವನು ಒಳಗೊಳಗೇ ಬೇಡಿಕೊಂಡ. ಹಿಂದಿನ ಸಾಲಿನಿಂದ ಮದ್ರಾಸಿ ಪಲ್ಟನ್ನಿನವನೊಬ್ಬ ಮುಂದಕ್ಕೆ ಬಾಗಿದ. “ನಹೀಂ ಭಾಯಿ, ಗಲತ್ ಬೋಲತಾ ಹೈ,” ಎಂದ ಹಿಂದುಸ್ತಾನಿಯಲ್ಲಿ. ಮುದುಕ ಹಾಗೆ ಹೇಳುತ್ತಿಲ್ಲ. ನಾನೇ ಮಾಡಿದೆ, ಮನೆಯ ಬಾಗಿಲು ತೆಗೆದುಕೊಟ್ಟವನು ನಾನೇ, ನನ್ನನ್ನು ಕೊಲ್ಲು, ನನ್ನ ಮಗಳಿಗೆ ಮಾತ್ರ ಹೇಳಬೇಡ ಎನ್ನುತ್ತಿದ್ದಾನೆ, ಎಂದು ಬಿಡಿಸಿ ಹೇಳಿದ. ಚಾಕು ಇಳಿಯಿತು. ಥಿಯೇಟರೆಲ್ಲ ಕೇಕೆ ಹಾಕಿತು. ಭರಮಪ್ಪ ಹಿಡಿದಿದ್ದ ಮೊಣಕೈಯನ್ನು ಮೆಲ್ಲಗೆ ಬಿಟ್ಟ. ಬಿಂದುಮಾಧವನ ಮುಖ ಕತ್ತಲೆಯಲ್ಲಿಯೇ ಹುಳ್ಳಗಾಯಿತು.

ಹೊರಗೆ ಬಿಸಿಲು ಇನ್ನೂ ಇತ್ತು. ಭರಮಪ್ಪ ಟ್ರಂಕನ್ನು ಹೆಗಲಿಗೇರಿಸಿ ಸ್ಟೇಶನ್ನಿನ ಕಡೆ ಹೊರಟ, ಬಿಂದುಮಾಧವ ಧೋತರದ ಚುಂಗು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ. ಮುಂದಿನ ಟಾಂಗಾ ದಾಟಿದ ಮೇಲೆ ಹೇಳುತ್ತೇನೆ, ಆ ಬೇವಿನ ಮರದ ಹತ್ತಿರ ಹೇಳುತ್ತೇನೆ, ಟಿಕೇಟು ತೋರಿಸಿದ ಮೇಲೆ ಹೇಳುತ್ತೇನೆ ಎಂದು ಅವನು ತನಗೆ ತಾನೇ ವಾಯಿದೆ ಹಾಕಿಕೊಳ್ಳುತ್ತ ಹೋದ. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಂತಿತ್ತು. ಭರಮಪ್ಪ ಟ್ರಂಕನ್ನು ಕೆಳಗಿಟ್ಟು, ಸಿಟ್ಟಿಲ್ಲದೆ ಕೇಳಿದ.

“ಅಲ್ರಿ ಸಾಹೇಬ್ರ, ಒಳಗ ಹಂಗ್ಯಾಕ ಸುಳ್ಳ ಹೇಳಿದ್ರಿ?”

“ಭರಮಪ್ಪಾ, ಮಾಸ್ತರಂದು ತಪ್ಪಿಲ್ಲ. ಅವರು ಪೂರಾ ಬರದಿದ್ರು. ಕತ್ತರಿಸಿದಾಂವ ನಾನು. ಇಲ್ಲೇ ಕ್ಯಾಂಪಿನ್ಯಾಗ ಕೂತು ನಾನಽ ಕತ್ತರಿಸೀನಿ.”

ಭರಮಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ, ನಂಬಲಾಗುವಂತಿರಲಿಲ್ಲ, ನಕ್ಕ. “ಸಾಕ ಬಿಡ್ರಿ. ಅಲ್ಲೊಂದ ಸುಳ್ಳು, ಇಲ್ಲೊಂದ ಸುಳ್ಳು. ಮಾಸ್ತರ ನಿಮ್ಮ ಮಂದಿ, ಉಳಸಬೇಕಂತೀರಿ. ಅದಕ್ಕ ನಿಮ್ಮ ತಲಿ ಮ್ಯಾಲ ಹಾಕ್ಕೋತೀರಿ. ಭಾಳ ದೊಡ್ಡ ಮನಸ್ರಿ ನಿಮ್ಮದು.”

ದೊಡ್ಡ ಮನಸ್ಸು! ಕೆನ್ನೆಗೆ ಹೊಡೆಸಿಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆದರೆ ಆ ಉರಿಯ ಕೆಳಗೇ ಒಂದು ತಂಪು ಕೂಡ ಹಾಯಿತು, ಅದನ್ನು ಅವನು ಸ್ಪಷ್ಟವಾಗಿ ಕಂಡ: ಹೇಳಿದ್ದಾಯಿತು, ನಂಬಲಿಲ್ಲ, ಇನ್ನು ಮನೆಗೆ ಹೋಗಬಹುದು. ಗೋದಾ ಸಂಜೆಗೆ ಅವಲಕ್ಕಿ ಹಚ್ಚಿಟ್ಟಿರುತ್ತಾಳೆ. ಭರಮಪ್ಪ ಬಾಗಿ ಟ್ರಂಕಿನ ಹಿಡಿ ಹಿಡಿದ, ಒಳಗೆ ಏನೋ ಭಾರವಾದದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಿ ತಗಡಿಗೆ ಬಡಿಯಿತು. ಆ ಸದ್ದಿಗೆ ಬಿಂದುಮಾಧವ ಬಾಯಿ ಬಿಟ್ಟ. ಎಷ್ಟೋ ಹಗಲು ಮನಸ್ಸಿನೊಳಗೆ ಓದಿಕೊಂಡ ಆ ಸುಟ್ಟ ತುಂಡನ್ನು ಈಗ ಗಟ್ಟಿಯಾಗಿ ಓದಿದ.

“ತರುವಾಯ, ಊರಾಗ ಪ್ಲೇಗು ಬಂದು ಇಲಿ ಬೀಳಾಕತ್ಯಾವು. ಮಂದಿ ಎಲ್ಲಾ ಹೊಲದಾಗ ಗುಡಸಲಾ ಹಾಕ್ಕೊಂಡು ಹ್ವಾದ್ರು. ನಿಮ್ಮ ಅಣ್ಣಾರು ಗುಡಸಲದಾಗ ನಮಗ ಜಾಗಾ ಕೊಡವಲ್ರು. ಅತ್ತಿ, ನಾನು, ಕೂಸು ಮೂರ ಮಂದೀನ ಊರಾಗ ಉಳದೀವಿ. ತವರಿಗಿ ಹೋಗಬೇಕಂದ್ರ ದಂಡಿಗಿ ಹೋಗೂ ದಿನಾ ನೀವು ಆಣಿ ಹಾಕೀರಿ. ನಾ ಬರೂತನಾ ತವರ ಹೊಸ್ತಲಾ ತುಳದ್ರ ಕೂಸಿನ ಮ್ಯಾಲ ಆಣಿ ಅಂದೀರಿ. ಆಣಿ ಬಿಟ್ಟೀನಿ ಅಂತ ಒಂದ ಸಾಲ ಬರಸ್ರಿ. ಅದು ಬಂದ ದಿನಾನ ಕೂಸಿನ್ನ ಕಟಗೊಂಡು ಹೋಗ್ತೀನಿ. ದಿನಾ ಟಪಾಲ ದಾರಿ ನೋಡತೀನಿ.”

ಪ್ಲಾಟ್‌ಫಾರ್ಮಿನ ಗದ್ದಲ ಇದ್ದ ಹಾಗೇ ಇತ್ತು. ಭರಮಪ್ಪ ಟ್ರಂಕಿನ ಮೇಲೆ ಕೂತ. “ಇಲಿ ಸುದ್ದಿ ಕತ್ತರಿಸಿದ್ರಿ, ಸರಕಾರಿ ಹುಕುಂ ಇರಬೇಕು,” ಎಂದ ತನ್ನ ಬೂಟನ್ನೇ ನೋಡುತ್ತ. “ಆಣಿ ಸಾಲ ಯಾಕ ಕತ್ತರಿಸಿದ್ರಿ? ಅದರಾಗೇನಿತ್ತು?”

ಇದಕ್ಕೆ ಹುಕುಮಿನ ಹೆಸರು ಹೇಳಬಹುದಿತ್ತು. ಮೂರು ವಾರಗಳಿಂದ ಸಿದ್ಧ ಮಾಡಿಕೊಂಡ ನಾಲ್ಕಾರು ಉತ್ತರಗಳಿದ್ದವು. “ನಡುವಿಂದಷ್ಟಽ ತಗದಿದ್ರ ಹಾಳಿಗೆ ತೂತು ಬೀಳತಿತ್ತು,” ಎಂದ ಬಿಂದುಮಾಧವ. “ಚಂದ ಕಾಣತಿರಲಿಲ್ಲ.”

ಈಗ ಹೊಡೆಯುತ್ತಾನೆ ಎಂದುಕೊಂಡ. ಟ್ರಂಕು ತೆಗೆಯುತ್ತಾನೆ, ತೆಗೆಯಲಿ. ಅವನು ನಿಜವಾಗಿಯೂ ಸಿದ್ಧನಾಗಿದ್ದ, ಕಣ್ಣು ಕೂಡ ಮುಚ್ಚಿಕೊಂಡಿದ್ದ, ಮತ್ತು ಆ ಮುಚ್ಚಿದ ಕಣ್ಣೊಳಗೆ ತಾನು ಒಬ್ಬ ದೊಡ್ಡ ಮನುಷ್ಯನಂತೆ ಅವನಿಗೇ ಕಂಡ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಭರಮಪ್ಪ ಅವನನ್ನು ನೋಡುತ್ತಲೇ ಇರಲಿಲ್ಲ. “ಒಂದ ಸಾಲು,” ಎನ್ನುತ್ತಿದ್ದ ತನ್ನಷ್ಟಕ್ಕೆ. “ಆಣಿ ಹಾಕಿದಾಂವ ನಾನ. ಸಿಟ್ಟಿನ್ಯಾಗ ಅಂದಿದ್ದೆ. ಅಕಿ ತವರು ಅಂದಾಗೊಮ್ಮೆ ನನಗ ಸಿಟ್ಟ ಬರತಿತ್ತು. ಅಂದು ಮರತ ಬಿಟ್ಟಿದ್ದೆ. ಅಕಿ ಮರೀಲಿಲ್ಲ.” ಆಗ ಬಿಂದುಮಾಧವನಿಗೆ ತಾನು ಮಾಡಿದ್ದು ಹೊಳೆಯಿತು. ಮಾಸ್ತರ ಉಳಿದ, ಸರಿ. ಆದರೆ ತನ್ನ ಎದೆಯ ಭಾರ ಇಳಿಸುವ ಅವಸರದಲ್ಲಿ ಈ ಮನುಷ್ಯನ ತಲೆಯ ಮೇಲೆ ಅದಕ್ಕಿಂತ ದೊಡ್ಡದನ್ನು ಹೊರಿಸಿದ್ದ. ಕಾಗದದಲ್ಲಿ ಕತ್ತರಿಸಬಾರದ ಸಾಲನ್ನು ಕತ್ತರಿಸಿದವನು, ಬಾಯಿಯಲ್ಲಿ ಅದನ್ನೇ ಪೂರ್ತಿ ಹೇಳಿಬಿಟ್ಟಿದ್ದ.

ಗಾರ್ಡ್ ಸೀಟಿ ಊದಿದ. ಭರಮಪ್ಪ ಎದ್ದು, ಟ್ರಂಕನ್ನು ಡಬ್ಬಿಯೊಳಗೆ ತಳ್ಳಿ, ಮೆಟ್ಟಿಲೇರಿ ಬಾಗಿಲಲ್ಲಿ ನಿಂತ. ಅವನ ದನಿಯಲ್ಲಿ ಏರಿಳಿತವಿರಲಿಲ್ಲ.

“ನಾ ಊರಿಗಿ ಹೋಗೂದಿಲ್ರಿ ಈಗ. ಗೋಕಾಕ ರೋಡ ಸ್ಟೇಶನ್ನಿಗಿ ಇಳೀತೀನಿ. ಕಾಶವ್ವನ ತವರು ಅಲ್ಲಿಂದ ಎರಡ ಹರದಾರಿ. ಅಕಿ ಅವ್ವ ಇನ್ನೂ ಅದಾಳ. ಮಗಳನ್ನ ಯಾಕ ಕಳಸಲಿಲ್ಲ ಅಂತ ಕೇಳ್ತಾಳ. ಆಣಿದು ನಾ ಹೇಳ್ತೀನಿ. ಕಾಗದದ್ದು ನೀವು ಹೇಳಬೇಕು. ಹತ್ರಿ ಸಾಹೇಬ್ರ.”

ಕೈ ಚಾಚಿದ. ಅಗಲವಾದ, ದಂಡಿನಲ್ಲಿ ಲಾರಿ ಹೊಡೆದು ಗಟ್ಟಿಯಾದ ಕೈ. ಹಿಡಿದರೆ ಸಾಕಿತ್ತು, ಅವನೇ ಎಳೆದುಕೊಳ್ಳುತ್ತಿದ್ದ. ಚಾಕುವಿಗೆ ಎದೆ ಕೊಡಲು ನಿಂತಿದ್ದ ಬಿಂದುಮಾಧವ ಒಬ್ಬ ಮುದುಕಿಯನ್ನು ಕಣ್ಣ ಮುಂದೆ ತಂದುಕೊಂಡ: ಗುಡಿಸಿದ ಅಂಗಳ, ಕುಡಿಯಲು ನೀರು ತಂದುಕೊಡುತ್ತಾಳೆ, ಯಾರಪ್ಪಾ ನೀವು ಎಂದು ಕೇಳುತ್ತಾಳೆ.

“ನಾಳೆ ಆಫೀಸ ಅದ ಭರಮಪ್ಪಾ,” ಎಂದ. “ರಜಾ ಹಾಕಿಲ್ಲ.”

ಗಾಡಿ ಅಲುಗಿತು. ಭರಮಪ್ಪ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪ್ಲಾಟ್‌ಫಾರ್ಮು ಮುಗಿಯುವವರೆಗೂ ಅದು ಹಾಗೆಯೇ ಚಾಚಿಕೊಂಡಿತ್ತು. ಬಿಂದುಮಾಧವ ಗಾಡಿಯ ಜೊತೆ ನಡೆದ, ಬಿರುಸಾಗಿಯೇ ನಡೆದ, ಓಡಲಿಲ್ಲ.